ಗೋಧಿಯ ತುಕ್ಕು ಮತ್ತು ಮುಳ್ಳಿನ ಪೊದೆ

ಚರಿತ್ರೆಯೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಅರಸರ ವಂಶಾವಳಿ, ಯುದ್ಧ, ಸಂಧಿ, ರಾಜಧಾನಿಗಳ ಏಳುಬೀಳು. ಆದರೆ ಅರಸನೂ ಸೈನಿಕನೂ ಉಂಡ ಅನ್ನಕ್ಕೂ ಒಂದು ಚರಿತ್ರೆಯುಂಟು. ಆ ಅನ್ನವು ಮನುಷ್ಯನ ಬಾಯಿಗೆ ಬರುವ ಮೊದಲೇ ಅದನ್ನು ತಿಂದುಹೋದ ವೈರಿಗಳಿಗೂ ಒಂದು ಚರಿತ್ರೆಯುಂಟು. ಬೇಸಾಯಗಾರನಿಗೆ ಇಂತಹ ವೈರಿಗಳು ಮೂವರು: ಕಳೆ, ಹುಳು, ರೋಗ. ಕಳೆಯನ್ನು ಕಣ್ಣಿನಿಂದ ಕಾಣಬಹುದು, ಕೈಯಿಂದ ಕೀಳಬಹುದು. ಹುಳುವನ್ನೂ ಹುಡುಕಿ ಹಿಡಿಯಬಹುದು. ಮೂರನೆಯ ವೈರಿ ಮಾತ್ರ ಗಾಳಿಯಲ್ಲಿ ಬಂದು, ರಾತ್ರಿಯ ಮಂಜಿನಲ್ಲಿ ಒಳಹೊಕ್ಕು, ತೆನೆ ಹಾಲುಗಟ್ಟುವ ಹೊತ್ತಿಗೆ ಹೊಲವನ್ನೆಲ್ಲ ಸೂರೆಗೊಂಡು ಹೋಗುತ್ತಾನೆ. ಈ ಮೂರನೆಯ ಬಗೆಯ ವೈರಿಗಳಲ್ಲಿ ಬಹು ಪುರಾತನನಾದ ಒಬ್ಬನ ವೃತ್ತಾಂತವನ್ನು ಈ ಹೊತ್ತು ಶ್ರೋತೃಗಳ ಮುಂದಿಡಲು ಬಯಸುತ್ತೇವೆ. ಅದು ಗೋಧಿಯ ತುಕ್ಕುರೋಗ. ಈ ವೃತ್ತಾಂತವು ಒಂದು ರೋಗದ ಕಥೆ ಮಾತ್ರವಲ್ಲ. ವಿದ್ಯಾವಂತರಾದವರು ಅವಿದ್ಯಾವಂತರ ಮಾತಿಗೆ ಎಷ್ಟು ಬೆಲೆ ಕೊಡಬೇಕು, ಒಂದು ದೇಶದಲ್ಲಿ ಸಿದ್ಧವಾದ ಸತ್ಯವನ್ನು ಇನ್ನೊಂದು ದೇಶವು ಎಷ್ಟರಮಟ್ಟಿಗೆ ಎರವಲು ತರಬಹುದು ಎಂಬ ಎರಡು ಪ್ರಶ್ನೆಗಳೂ ಇದರಲ್ಲಿ ಹೆಣೆದುಕೊಂಡಿವೆ.

ಪಟ್ಟಣವಾಸಿಗಳಾದ ನಮಗೆ ಗೋಧಿ ಎಂಬುದು ಹಿಟ್ಟಾಗಿಯೋ ರವೆಯಾಗಿಯೋ ಪರಿಚಿತ. ಆದುದರಿಂದ ರೋಗದ ರೂಪವನ್ನು ಮೊದಲು ಹೇಳುವುದು ಲೇಸು. ಗೋಧಿಯ ಎಲೆಯ ಮೇಲೂ ದಂಟಿನ ಮೇಲೂ ಸಣ್ಣ ಬೊಕ್ಕೆಗಳೆದ್ದು, ಅವು ಒಡೆದು, ಕಬ್ಬಿಣದ ತುಕ್ಕಿನಂತಹ ಕೆಂಪು ಹುಡಿ ಹೊರಬೀಳುತ್ತದೆ. ಹೊಲದಲ್ಲಿ ನಡೆದುಬಂದವನ ಬಟ್ಟೆಗೆಲ್ಲ ಆ ಹುಡಿ ಹತ್ತುತ್ತದೆ. ಉತ್ತರ ಕರ್ನಾಟಕದ ಒಕ್ಕಲಿಗರು ಇದನ್ನು ಭಂಡಾರ ರೋಗವೆನ್ನುತ್ತಾರೆ. ದೇವರ ಭಂಡಾರವನ್ನು ಎರಚಿದಂತೆ ಪೈರು ಕಾಣುವುದರಿಂದ ಬಂದ ಹೆಸರು. ಮರಾಠಿಯಲ್ಲಿ ಇದು ತಾಂಬೇರಾ, ಹಿಂದಿಯಲ್ಲಿ ಗೇರುವಾ. ಒಂದರಲ್ಲಿ ತಾಮ್ರದ ಬಣ್ಣ, ಇನ್ನೊಂದರಲ್ಲಿ ಕಾವಿಯ ಬಣ್ಣ. ಈ ಹುಡಿಯ ಒಂದೊಂದು ಕಣವೂ ಒಂದೊಂದು ಬೀಜಾಣು. ನಾಯಿಕೊಡೆ, ಬೂಷ್ಟು ಮೊದಲಾದವುಗಳ ಬಳಗಕ್ಕೆ ಸೇರಿದ ಒಂದು ಶಿಲೀಂಧ್ರವು ಗೋಧಿಯ ಮೈಯೊಳಗೆ ಬೇರೂರಿ, ಕಾಳಿಗೆ ಹೋಗಬೇಕಾದ ಸಾರವನ್ನು ತಾನು ಹೀರಿ ಇವನ್ನು ಹೊರಹಾಕುತ್ತದೆ. ಪೈರು ಸಾಯುವುದಿಲ್ಲ, ಆದರೆ ತೆನೆಯಲ್ಲಿ ಕಾಳಿನ ಬದಲು ಸುಕ್ಕುಗಟ್ಟಿದ ಜೊಳ್ಳು ಉಳಿಯುತ್ತದೆ. ಕೊಯ್ದ ಕೂಲಿಯೂ ಗಿಟ್ಟುವುದಿಲ್ಲ. ಈ ತುಕ್ಕಿನಲ್ಲಿ ಕಪ್ಪು, ಕಂದು, ಹಳದಿ ಎಂದು ಮೂರು ಭೇದಗಳುಂಟು. ದಂಟಿಗೆ ಹತ್ತುವ ಕಪ್ಪು ತುಕ್ಕು ಎಲ್ಲಕ್ಕಿಂತ ಭಯಂಕರವಾದುದು. ನಮ್ಮ ಕಥೆಯ ನಾಯಕನೂ ಅದೇ.

ಪ್ರಾಚೀನರು ಈ ರೋಗವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಗ್ರೀಸಿನಲ್ಲಿ ಅರಿಸ್ಟಾಟಲನ ಶಿಷ್ಯನಾದ ಥಿಯೊಫ್ರಾಸ್ಟಸನು, ಗಾಳಿಯಾಡುವ ಎತ್ತರದ ನೆಲಗಳಿಗಿಂತ ತಗ್ಗಿನ ಹೊಲಗಳಲ್ಲಿ ತುಕ್ಕು ಹೆಚ್ಚೆಂಬುದನ್ನೂ, ಎಲ್ಲ ಧಾನ್ಯಗಳೂ ಅದಕ್ಕೆ ಒಂದೇ ಸಮನಾಗಿ ಈಡಾಗುವುದಿಲ್ಲವೆಂಬುದನ್ನೂ ಗಮನಿಸಿ ಬರೆದಿಟ್ಟನು. ರೋಮನರಾದರೋ ಈ ರೋಗಕ್ಕೆ ಒಬ್ಬ ಅಧಿದೇವತೆಯನ್ನೇ ಕಲ್ಪಿಸಿದ್ದರು. ಅವನ ಹೆಸರು ರೋಬಿಗಸ್. ಪ್ರತಿವರ್ಷವೂ ಏಪ್ರಿಲ್ ೨೫ರಂದು, ಪೈರು ತೆನೆಯೊಡೆಯುವ ಕಾಲದಲ್ಲಿ, ಊರ ಹೊರಗೆ ಮೆರವಣಿಗೆಯಲ್ಲಿ ಹೋಗಿ ಆ ದೇವತೆಗೆ ನಾಯಿಯನ್ನೂ ಕುರಿಯನ್ನೂ ಬಲಿಕೊಡುತ್ತಿದ್ದರು. ಕವಿ ಓವಿಡ್ ತನ್ನ ಹಬ್ಬಗಳ ಕಾವ್ಯದಲ್ಲಿ ಈ ಆಚರಣೆಯನ್ನು ವರ್ಣಿಸಿದ್ದಾನೆ. ಜಗತ್ತನ್ನೇ ಗೆದ್ದ ಜನರು ಒಂದು ಕೆಂಪು ಹುಡಿಯ ಮುಂದೆ ಕೈಮುಗಿದು ನಿಂತುದು ನಮಗೆ ಈಗ ವಿನೋದವಾಗಿ ಕಾಣಬಹುದು. ಆದರೆ ನಮ್ಮ ಹಳ್ಳಿಗಳಲ್ಲಿ ಮಾರಿಗೆ ಹರಕೆ ಹೊತ್ತವರ ಸಂಕಟವನ್ನು ತಿಳಿದವರು ನಗಲಾರರು. ಕಾರಣ ಕಾಣದ ಕಡೆ ಮನುಷ್ಯನು ಮಾಡಬಹುದಾದುದು ಪ್ರಾರ್ಥನೆಯೊಂದೇ.

ಇನ್ನು ಮುಳ್ಳಿನ ಪೊದೆಯ ವಿಷಯಕ್ಕೆ ಬರೋಣ. ಯೂರೋಪಿನಲ್ಲಿ ಬಾರ್ಬೆರಿ ಎಂಬ ಒಂದು ಗಿಡವುಂಟು. ನಮ್ಮ ವೈದ್ಯಗ್ರಂಥಗಳಲ್ಲಿ ಬರುವ ದಾರುಹರಿದ್ರೆಯು ಇದರ ಬಳಗದ್ದೇ. ಹಳದಿ ಹೂ, ಕೆಂಪು ಹಣ್ಣು, ಮೈತುಂಬ ಮುಳ್ಳು. ಬೇಲಿಗೆ ಇದಕ್ಕಿಂತ ಒಳ್ಳೆಯ ಗಿಡವಿಲ್ಲ. ಹಣ್ಣಿನಿಂದ ಮುರಬ್ಬ, ತೊಗಟೆಯಿಂದ ಹಳದಿ ಬಣ್ಣ, ಬೇರಿನಿಂದ ಔಷಧ. ಇಷ್ಟು ಉಪಕಾರಿಯಾದ ಗಿಡವನ್ನು ಯಾವ ಗೃಹಿಣಿ ತಾನೆ ಬಿಟ್ಟಾಳು? ಆದರೆ ಗೋಧಿ ಬೆಳೆಯುವ ರೈತರಲ್ಲಿ ಒಂದು ಗುಮಾನಿ ಹುಟ್ಟಿಕೊಂಡಿತು. ಬಾರ್ಬೆರಿಯ ಬೇಲಿಯಿರುವ ಹೊಲದಲ್ಲಿ ತುಕ್ಕು ಮೊದಲು ಕಾಣಿಸುತ್ತದೆ, ಬೇಲಿಯ ಬುಡದಿಂದ ಗಾಳಿ ಬೀಸಿದ ದಿಕ್ಕಿಗೆ ಹರಡುತ್ತದೆ ಎಂದು ಅವರು ಹೇಳತೊಡಗಿದರು. ಅವರಿಗೆ ಇದರ ಕಾರಣ ತಿಳಿಯದು. ತಮ್ಮ ಕಣ್ಣನ್ನು ಅವರು ನಂಬಿದರು, ಅಷ್ಟೆ.

ಈ ಗುಮಾನಿ ಬಲಿತು ಕಾನೂನೂ ಆಯಿತು. ೧೬೬೦ರಲ್ಲಿ ಫ್ರಾನ್ಸಿನ ರೂಆನ್ ಪ್ರಾಂತದಲ್ಲಿ ಬಾರ್ಬೆರಿಯನ್ನು ಕಿತ್ತುಹಾಕಲು ಕಟ್ಟಳೆಯಾಯಿತೆಂದು ಹೇಳಿಕೊಂಡು ಬಂದಿದ್ದಾರೆ. ಅಮೆರಿಕಕ್ಕೆ ವಲಸೆಹೋದ ಆಂಗ್ಲರು ತಮ್ಮೊಡನೆ ಗೋಧಿಯನ್ನೂ ಒಯ್ದರು, ಬಾರ್ಬೆರಿಯನ್ನೂ ಒಯ್ದರು. ಹೀಗೆ ರೋಗವು ತನ್ನ ಎರಡು ಮನೆಗಳೊಂದಿಗೆ ಸಮುದ್ರವನ್ನು ದಾಟಿತು. ಅಲ್ಲಿಯ ಕನೆಕ್ಟಿಕಟ್ ವಸಾಹತು ೧೭೨೬ರಲ್ಲಿಯೂ, ಮ್ಯಾಸಚೂಸೆಟ್ಸ್ ೧೭೫೫ರಲ್ಲಿಯೂ, ರೋಡ್ ಐಲೆಂಡ್ ೧೭೬೬ರಲ್ಲಿಯೂ ಬಾರ್ಬೆರಿಯ ವಿರುದ್ಧ ಶಾಸನಗಳನ್ನು ಮಾಡಿದವು. ೧೭೬೦ನೆಯ ಇಸವಿ ಜೂನ್ ತಿಂಗಳೊಳಗೆ ಜಮೀನಿನ ಒಡೆಯರು ತಮ್ಮ ಪೊದೆಗಳನ್ನು ನಾಶಮಾಡತಕ್ಕದ್ದೆಂದು ಮ್ಯಾಸಚೂಸೆಟ್ಸಿನ ಶಾಸನವು ವಿಧಿಸಿತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ರೋಗವು ಹೇಗೆ ಹುಟ್ಟುತ್ತದೆಂಬುದು ಜಗತ್ತಿನಲ್ಲಿ ಯಾರೊಬ್ಬರಿಗೂ ತಿಳಿಯದ ಕಾಲದಲ್ಲಿ, ಕೇವಲ ರೈತರ ಅನುಭವವನ್ನು ಆಧಾರವಾಗಿಟ್ಟುಕೊಂಡು ಮಾಡಿದ ಶಾಸನಗಳಿವು.

ಪಂಡಿತರು ಇದನ್ನು ಒಪ್ಪಿದರೇ? ಬಹುಮಟ್ಟಿಗೆ ಇಲ್ಲ. ಅವರ ಆಕ್ಷೇಪಣೆಯೂ ತಿರಸ್ಕಾರಕ್ಕೆ ಅರ್ಹವಾದುದಲ್ಲ. ಒಂದು ಬೇಲಿಯ ಗಿಡವು ದೂರದಲ್ಲಿರುವ ಪೈರಿಗೆ ರೋಗ ತರುವುದೆಂದರೆ ಅದು ಮಾಟಮಂತ್ರದ ಮಾತಿನಂತೆಯೇ ಇತ್ತು. ತುಕ್ಕು ಎಂಬುದು ಕೆಟ್ಟ ಮಂಜಿನಿಂದಲೋ ಗಿಡದೊಳಗಿನ ರಸದ ವಿಕಾರದಿಂದಲೋ ಏಳುವ ಬೊಕ್ಕೆಯೆಂಬುದು ಹಲವರ ಮತವಾಗಿತ್ತು. ೧೭೬೭ರಲ್ಲಿ ಇಟಲಿಯ ಫೊಂತಾನ ಮತ್ತು ತಾರ್ಜೋನಿ ತೊತ್ಸೆತ್ತಿ ಎಂಬಿಬ್ಬರು ಬೇರೆಬೇರೆಯಾಗಿ ಸೂಕ್ಷ್ಮದರ್ಶಕ ಯಂತ್ರದಿಂದ ನೋಡಿ, ಈ ತುಕ್ಕು ಗೋಧಿಯ ಮೇಲೆ ಬದುಕುವ ಪುಟ್ಟ ಬಂದಳಿಕೆ ಸಸ್ಯವೆಂದು ಸಾರಿದರು. ೧೭೯೭ರಲ್ಲಿ ಪರ್ಸೂನ್ ಎಂಬ ವಿದ್ವಾಂಸನು ಅದಕ್ಕೆ ಶಾಸ್ತ್ರೀಯ ನಾಮವನ್ನಿಟ್ಟನು. ಬಾರ್ಬೆರಿಯ ಎಲೆಯ ಮೇಲೆ ಕಾಣುವ ಕಿತ್ತಳೆ ಬಣ್ಣದ ಬೂಷ್ಟಿಗೆ ಶಾಸ್ತ್ರಗ್ರಂಥಗಳಲ್ಲಿ ಬೇರೆಯೇ ಒಂದು ಹೆಸರಿತ್ತು. ಹೆಸರು ಎರಡಾದಮೇಲೆ ವಸ್ತುವೂ ಎರಡೆಂದು ನಂಬುವುದು ವಿದ್ವಾಂಸರಿಗೆ ಸುಲಭ.

೧೮೦೪ರಲ್ಲಿ ಇಂಗ್ಲೆಂಡಿನ ಗೋಧಿಯ ಬೆಳೆ ತುಕ್ಕಿನಿಂದ ಬಹಳವಾಗಿ ಕೆಟ್ಟಿತು. ಮರುವರ್ಷ ಸರ್ ಜೋಸೆಫ್ ಬ್ಯಾಂಕ್ಸ್ ಎಂಬಾತನು ಒಂದು ಚಿಕ್ಕ ಪುಸ್ತಕವನ್ನು ಪ್ರಕಟಿಸಿ, ಬಾರ್ಬೆರಿಯ ಬೂಷ್ಟೂ ಗೋಧಿಯ ತುಕ್ಕೂ ಒಂದೇ ಆಗಿರಬಾರದೇಕೆಂದು ಕೇಳಿದನು. ನಾರ್ಫೋಕ್ ಸೀಮೆಯಲ್ಲಿ ಬಾರ್ಬೆರಿ ಹುಲುಸಾಗಿ ಬೆಳೆದಿದ್ದ ರೋಲ್ಸ್‌ಬಿ ಎಂಬ ಹಳ್ಳಿಯಲ್ಲಿ ಗೋಧಿ ಎಂದೂ ಸರಿಯಾಗಿ ಬಾರದಿದ್ದುದರಿಂದ ಸುತ್ತಲಿನವರು ಅದನ್ನು ಬೂಷ್ಟಿನ ರೋಲ್ಸ್‌ಬಿ ಎಂದೇ ಕರೆಯುತ್ತಿದ್ದ ವಿಷಯ ಅವನ ಪುಸ್ತಕದಿಂದ ತಿಳಿಯುತ್ತದೆ. ಬಳಿಕ ೧೮೧೬ರಲ್ಲಿ ಡೆನ್ಮಾರ್ಕಿನ ಷೋಲರ್ ಎಂಬ ಒಬ್ಬ ಶಾಲಾ ಉಪಾಧ್ಯಾಯನು ಒಂದು ಸರಳವಾದ ಪರೀಕ್ಷೆ ಮಾಡಿದನು. ಬೂಷ್ಟು ಹಿಡಿದ ಬಾರ್ಬೆರಿಯ ಎಲೆಗಳನ್ನು ತಂದು, ಆರೋಗ್ಯವಾಗಿದ್ದ ರೈ ಎಂಬ ಧಾನ್ಯದ ಪೈರಿಗೆ ಸೋಕಿಸಿದನು. ಕೆಲವೇ ದಿನಗಳಲ್ಲಿ ಆ ಪೈರಿಗಷ್ಟೇ ತುಕ್ಕು ಹಿಡಿಯಿತು. ಸುತ್ತಲಿನ ಪೈರು ಶುದ್ಧವಾಗಿಯೇ ಇತ್ತು. ಆದರೂ ಹಳ್ಳಿಯ ಮೇಷ್ಟರ ಮಾತಿಗೆ ವಿಶ್ವವಿದ್ಯಾಲಯಗಳು ತಲೆದೂಗಲಿಲ್ಲ.

ಇನ್ನೂ ಅರ್ಧ ಶತಮಾನ ಕಳೆಯಬೇಕಾಯಿತು. ಜರ್ಮನಿಯ ಆಂಟನ್ ಡ ಬರಿ ಎಂಬ ಸಸ್ಯಶಾಸ್ತ್ರಜ್ಞನು ಗೋಧಿಯ ದಂಟಿನಲ್ಲಿ ಚಳಿಗಾಲವನ್ನು ಕಳೆಯುವ ಕಪ್ಪು ಬೀಜಾಣುಗಳನ್ನು ಪರೀಕ್ಷಿಸುತ್ತಿದ್ದನು. ವಸಂತದಲ್ಲಿ ಅವು ಮೊಳೆತು ಅತಿಸೂಕ್ಷ್ಮವಾದ ಬೇರೊಂದು ಬಗೆಯ ಬೀಜಾಣುಗಳನ್ನು ಹೆರುತ್ತಿದ್ದವು. ಅವನ್ನು ಗೋಧಿಯ ಎಲೆಯ ಮೇಲೆ ಬಿತ್ತಿದರೆ ಏನೂ ಆಗುತ್ತಿರಲಿಲ್ಲ. ಹುಟ್ಟಿದ ಮನೆಗೇ ಹೋಗಲೊಲ್ಲದ ಈ ಕೂಸು ಎಲ್ಲಿಗೆ ಹೋಗುತ್ತದೆ? ೧೮೬೫ರಲ್ಲಿ ಅವನು ಅವನ್ನು ಬಾರ್ಬೆರಿಯ ಎಲೆಯ ಮೇಲೆ ಬಿತ್ತಿದನು. ಕಿತ್ತಳೆ ಬಣ್ಣದ ಬೂಷ್ಟು ಎದ್ದುಬಂದಿತು. ಮುಂದೆ ಆ ಬೂಷ್ಟಿನ ಬೀಜಾಣುಗಳನ್ನು ಪೈರಿನ ಮೇಲೆ ಹಾಕಿ ತುಕ್ಕನ್ನು ಬರಿಸಿ ತೋರಿಸಿದನು. ಒಂದೇ ಜೀವವು ತನ್ನ ಆಯುಷ್ಯದ ಒಂದು ಭಾಗವನ್ನು ಒಂದು ಗಿಡದಲ್ಲಿಯೂ ಇನ್ನೊಂದು ಭಾಗವನ್ನು ಅದಕ್ಕೆ ಯಾವ ನಂಟೂ ಇಲ್ಲದ ಮತ್ತೊಂದು ಗಿಡದಲ್ಲಿಯೂ ಕಳೆಯುವುದೆಂಬುದು ಆಗ ಸಿದ್ಧವಾಯಿತು. ಕನೆಕ್ಟಿಕಟ್ಟಿನ ರೈತರು ಶಾಸನ ಮಾಡಿಸಿಕೊಂಡು ಅದಾಗಲೇ ೧೩೯ ವರ್ಷಗಳಾಗಿದ್ದವು.

ರೋಗದ ಮೂಲ ತಿಳಿದರೆ ಔಷಧ ಕೈಗೆ ಸಿಕ್ಕಿದಂತೆಯೇ ಎಂದು ತಿಳಿಯಬಾರದು. ಗೋಧಿಗೆ ಬರುವ ಕಾಡಿಗೆಯ ಬಳಗದ ಒಂದು ರೋಗವು ಬೀಜಕ್ಕೆ ಅಂಟಿಕೊಂಡು ಬರುವುದರಿಂದ, ೧೮೦೭ರಲ್ಲಿಯೇ ಪ್ರೆವೊ ಎಂಬ ವಿದ್ವಾಂಸನು ಬಿತ್ತನೆಯ ಬೀಜವನ್ನು ಮೈಲುತುತ್ತದ ನೀರಿನಲ್ಲಿ ಅದ್ದಿ ಅದನ್ನು ತಡೆಯುವ ಉಪಾಯವನ್ನು ಹೇಳಿದ್ದನು. ತುಕ್ಕಿಗೆ ಈ ಉಪಾಯ ಸಲ್ಲದು. ಬೀಜ ಎಷ್ಟು ಶುದ್ಧವಾಗಿದ್ದರೂ ರೋಗವು ಗಾಳಿಯ ಮೂಲಕ ಬರುತ್ತದೆ. ಆದುದರಿಂದ ಪಶ್ಚಿಮ ದೇಶಗಳಲ್ಲಿ ಬಾರ್ಬೆರಿಯನ್ನು ನಿರ್ಮೂಲ ಮಾಡುವುದೇ ಮುಖ್ಯೋಪಾಯವೆನಿಸಿತು. ಡೆನ್ಮಾರ್ಕಿನಲ್ಲಿ ೧೯೦೩ರಲ್ಲಿ ಕಾನೂನು ಬಂದು, ಕೆಲವೇ ವರ್ಷಗಳಲ್ಲಿ ಕಪ್ಪು ತುಕ್ಕಿನ ಹಾವಳಿ ಅಲ್ಲಿ ಅಡಗಿತು. ಅಮೆರಿಕದಲ್ಲಿ ೧೯೧೬ರಲ್ಲಿ ಭಯಂಕರವಾದ ತುಕ್ಕು ಬಂದು ಕೋಟ್ಯಂತರ ಮಣ ಗೋಧಿ ಹಾಳಾಯಿತು. ಅದು ಮೊದಲನೆಯ ಮಹಾಯುದ್ಧದ ಕಾಲ, ರೊಟ್ಟಿಯೂ ಗುಂಡಿನಷ್ಟೇ ಅವಶ್ಯವಾಗಿದ್ದ ಕಾಲ. ೧೯೧೮ರಲ್ಲಿ ಸರ್ಕಾರವು ಬಾರ್ಬೆರಿಯ ಮೇಲೆ ಯುದ್ಧವನ್ನೇ ಹೂಡಿತು. ಶಾಲೆಯ ಹುಡುಗರನ್ನೂ ಪೊದೆ ಹುಡುಕಲು ಹಚ್ಚಿದರು. ಕಿತ್ತರೂ ಚಿಗುರುವ ಬುಡಗಳಿಗೆ ಉಪ್ಪು ಸುರಿದರು. ದಶಕಗಳ ಕಾಲ ನಡೆದ ಈ ಕೆಲಸದಲ್ಲಿ ಕೋಟಿಗಟ್ಟಲೆ ಪೊದೆಗಳು ನಾಶವಾದವು. ಒಂದು ಕಾಲದ ಬೇಲಿಯ ಗಿಡ, ಔಷಧದ ಗಿಡ, ಮುರಬ್ಬದ ಗಿಡ, ಈಗ ಕಳೆಯೆನಿಸಿತು. ಕಳೆಯೆಂಬುದು ಗಿಡದ ಜಾತಿಯಲ್ಲ, ಬೇಸಾಯಗಾರನು ಅದಕ್ಕೆ ಕೊಡುವ ಪಟ್ಟವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಬಾರ್ಬೆರಿಯಲ್ಲಿ ಇನ್ನೊಂದು ಅಪಾಯವೂ ಅಡಗಿತ್ತು. ಅಮೆರಿಕದ ಸ್ಟೇಕ್ಮನ್ ಎಂಬ ಶಾಸ್ತ್ರಜ್ಞನು ಒಂದೇ ತುಕ್ಕಿನಲ್ಲಿ ಅನೇಕ ಒಳಪಂಗಡಗಳಿವೆಯೆಂದೂ, ಒಂದು ಗೋಧಿಯ ತಳಿಯನ್ನು ಮುಟ್ಟಲಾರದ ಪಂಗಡವಿದ್ದರೆ ಅದನ್ನು ನೆಲಕ್ಕೊರಗಿಸುವ ಪಂಗಡವೂ ಇರುವುದೆಂದೂ ತೋರಿಸಿದನು. ಕೆನಡದ ಕ್ರೇಗಿ ಎಂಬಾತನು ೧೯೨೭ರಲ್ಲಿ, ಬಾರ್ಬೆರಿಯ ಎಲೆಯ ಮೇಲೆ ಒಸರುವ ಜೇನಿನಂತಹ ಹನಿಯನ್ನು ಬಯಸಿ ಬರುವ ನೊಣಗಳು ಶಿಲೀಂಧ್ರದ ಎರಡು ಭೇದಗಳನ್ನು ಕೂಡಿಸುತ್ತವೆ ಎಂಬುದನ್ನು ಕಂಡುಹಿಡಿದನು. ಅಂದರೆ ಬಾರ್ಬೆರಿಯು ರೋಗದ ತಂಗುದಾಣವಷ್ಟೇ ಅಲ್ಲ, ಅದರ ಮದುವೆಯ ಮನೆಯೂ ಹೌದು. ಹೊಸ ಹೊಸ ಪಂಗಡಗಳು ಹುಟ್ಟುವುದು ಅಲ್ಲಿಯೇ.

ಇಷ್ಟು ಹೊತ್ತೂ ನಾವು ಪರದೇಶಗಳ ಮಾತನ್ನಾಡಿದೆವು. ನಮ್ಮ ದೇಶದ ಸಂಗತಿಯೇನು? ಇಲ್ಲಿಯೂ ತುಕ್ಕು ಹೊಸದಲ್ಲ. ಠಕ್ಕರನ್ನು ಅಡಗಿಸಿ ಪ್ರಸಿದ್ಧನಾದ ಸ್ಲೀಮನ್ ಎಂಬ ಆಂಗ್ಲ ಅಧಿಕಾರಿಯು ೧೮೪೪ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ, ನರ್ಮದಾ ನದಿಯ ಕಣಿವೆಯ ಗೋಧಿಯ ಹೊಲಗಳು ಮೈಲಿಗಟ್ಟಲೆ ತುಕ್ಕಿಗೆ ತುತ್ತಾಗಿ, ಜನರು ಕೊಯ್ಲಿನ ಗೊಡವೆಗೂ ಹೋಗದೆ ಬಿಟ್ಟುದನ್ನು ವರ್ಣಿಸಿದ್ದಾನೆ. ಜನರು ಅದನ್ನು ದೈವದ ಕೋಪವೆಂದು ಎಣಿಸಿದುದನ್ನೂ ಬರೆದಿದ್ದಾನೆ. ರೋಬಿಗಸನು ನರ್ಮದೆಯ ತೀರದಲ್ಲಿಯೂ ಬೇರೆಬೇರೆ ಹೆಸರುಗಳಲ್ಲಿ ನೆಲಸಿದ್ದನೆಂದೇ ಹೇಳಬೇಕು.

ಪಾಶ್ಚಾತ್ಯ ಶಾಸ್ತ್ರವನ್ನು ಓದಿದವರಿಗೆ ಇಲ್ಲಿ ಒಂದು ಸಮಸ್ಯೆ ಎದುರಾಯಿತು. ಬಾರ್ಬೆರಿಯ ಬಳಗದ ಗಿಡಗಳು ಹಿಮಾಲಯದಲ್ಲಿಯೂ ದಕ್ಷಿಣದ ಎತ್ತರವಾದ ಬೆಟ್ಟಗಳಲ್ಲಿಯೂ ಇವೆ. ನರ್ಮದೆಯ ಕಣಿವೆಗೆ ಅವು ನೂರಾರು ಮೈಲಿ ದೂರ. ಗಂಗೆಯ ಬಯಲಿನಲ್ಲಾಗಲಿ ಬಿಜಾಪುರದ ಎರೆಭೂಮಿಯಲ್ಲಾಗಲಿ ಬಾರ್ಬೆರಿಯ ಬೇಲಿಯೆಂಬುದೇ ಇಲ್ಲ. ಹಾಗಾದರೆ ತುಕ್ಕು ಪ್ರತಿವರ್ಷವೂ ಎಲ್ಲಿಂದ ಬರುತ್ತದೆ? ಬಯಲುಸೀಮೆಯ ಬೇಸಗೆಯ ಝಳದಲ್ಲಿ ಅದರ ಬೀಜಾಣುಗಳು ಬದುಕಿ ಉಳಿಯುವುದು ಅಸಾಧ್ಯ. ಗೋಧಿಯೂ ಆ ಕಾಲದಲ್ಲಿ ಹೊಲದಲ್ಲಿರುವುದಿಲ್ಲ. ಬೇಸಗೆಯಲ್ಲಿ ಸತ್ತುಹೋದ ರೋಗ ಮಾಘ ಫಾಲ್ಗುಣಗಳಲ್ಲಿ ಮತ್ತೆ ಪ್ರತ್ಯಕ್ಷವಾಗುವುದು ಹೇಗೆ?

ಈ ಒಗಟನ್ನು ಬಿಡಿಸಿದವರು ಆಗ್ರಾ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದ ಕರಮ್ ಚಂದ್ ಮೆಹತಾ ಅವರು. ೧೮೯೨ರಲ್ಲಿ ಹುಟ್ಟಿ ೧೯೫೦ರಲ್ಲಿ ತೀರಿಕೊಂಡ ಈ ಮಹನೀಯರು ೧೯೨೩ರಿಂದ ತಮ್ಮ ಜೀವಮಾನವನ್ನು ಈ ಒಂದು ಪ್ರಶ್ನೆಗೇ ಮೀಸಲಿಟ್ಟರೆಂದು ಹೇಳಬಹುದು. ಅವರು ಬೆಟ್ಟಗಳನ್ನು ಹತ್ತಿ ಬೇಸಗೆಯಲ್ಲಿ ತುಕ್ಕು ಎಲ್ಲಿ ಉಳಿದಿದೆಯೆಂದು ಹುಡುಕಿದರು. ಬಯಲಿನ ಊರೂರುಗಳಲ್ಲಿ ಅಂಟು ಸವರಿದ ಗಾಜಿನ ಪಟ್ಟಿಗಳನ್ನು ಗಾಳಿಗೊಡ್ಡಿ, ಯಾವ ವಾರದಲ್ಲಿ ಎಲ್ಲಿ ಬೀಜಾಣುಗಳು ಬಂದು ಬೀಳುತ್ತವೆಂದು ಲೆಕ್ಕವಿಟ್ಟರು. ಅವರು ಕಂಡುಕೊಂಡ ಸತ್ಯವಿದು: ಭಾರತದಲ್ಲಿ ತುಕ್ಕಿನ ಪುನರಾಗಮನಕ್ಕೆ ಬಾರ್ಬೆರಿಯ ಸಹಾಯವೇ ಬೇಕಿಲ್ಲ. ಉತ್ತರದಲ್ಲಿ ಹಿಮಾಲಯ, ದಕ್ಷಿಣದಲ್ಲಿ ನೀಲಗಿರಿ ಮತ್ತು ಪಳನಿ ಬೆಟ್ಟಗಳು ಬೇಸಗೆಯಲ್ಲಿಯೂ ತಂಪಾಗಿರುವುದರಿಂದ, ಅಲ್ಲಿ ಕಾಲವಲ್ಲದ ಕಾಲದಲ್ಲಿ ಬೆಳೆಯುವ ಗೋಧಿಯ ಮೇಲೆಯೂ, ಉದುರಿದ ಕಾಳಿನಿಂದ ತಾನಾಗಿ ಹುಟ್ಟುವ ಗಿಡಗಳ ಮೇಲೆಯೂ ತುಕ್ಕು ಜೀವ ಹಿಡಿದಿರುತ್ತದೆ. ಬಯಲಿನಲ್ಲಿ ಬಿತ್ತನೆಯಾದಮೇಲೆ ಅಲ್ಲಿಂದ ಗಾಳಿಯನ್ನೇರಿ ಇಳಿದುಬರುತ್ತದೆ. ದೊರೆಗಳು ಬೇಸಗೆಯನ್ನು ಕಳೆಯಲು ಸಿಮ್ಲಾಕ್ಕೂ ಉದಕಮಂಡಲಕ್ಕೂ ಹೋಗುತ್ತಿದ್ದ ಕಾಲದಲ್ಲಿ ಗೋಧಿಯ ತುಕ್ಕೂ ಅದೇ ಪದ್ಧತಿಯನ್ನು ಅನುಸರಿಸುತ್ತಿತ್ತು.

ಮೆಹತಾ ಅವರ ತರುವಾಯ, ೧೯೭೦ರ ದಶಕದಲ್ಲಿ, ನಾಗರಾಜನ್ ಮತ್ತು ಜೋಶಿ ಮೊದಲಾದ ವಿದ್ವಾಂಸರು ಈ ದಾರಿಯನ್ನು ಇನ್ನೂ ಸ್ಪಷ್ಟಪಡಿಸಿದರು. ಕಪ್ಪು ತುಕ್ಕು ಮುಖ್ಯವಾಗಿ ದಕ್ಷಿಣದ ಬೆಟ್ಟಗಳಿಂದ ಹೊರಡುತ್ತದೆ. ನವೆಂಬರ್ ತಿಂಗಳಲ್ಲಿ ಬಂಗಾಳ ಕೊಲ್ಲಿಯಲ್ಲಿ ಏಳುವ ಚಂಡಮಾರುತಗಳು ಬೀಜಾಣುಗಳನ್ನು ಎತ್ತಿ ಒಯ್ದು ಏಳೆಂಟು ನೂರು ಮೈಲಿ ದೂರದ ಮಧ್ಯಭಾರತದ ಮೇಲೆ ಮಳೆಯೊಡನೆ ಇಳಿಸುತ್ತವೆ. ೧೯೪೬-೪೭ರಲ್ಲಿ ಆ ಪ್ರದೇಶದಲ್ಲಿ ಕಪ್ಪು ತುಕ್ಕಿನಿಂದ ಗೋಧಿಯು ಬಹುವಾಗಿ ಹಾಳಾಯಿತು. ದೇಶವು ಸ್ವಾತಂತ್ರ್ಯದ ಹೊಸಿಲಿನಲ್ಲಿದ್ದು ಕಾಳಿನ ಅಭಾವದಿಂದ ಕಂಗೆಟ್ಟಿದ್ದ ಕಾಲವದು. ನಮ್ಮ ಎಲ್ಲೆಗಂಟಿದ ನೀಲಗಿರಿಯ ಒಂದು ತೋಟದಲ್ಲಿ ಎದ್ದ ಹುಡಿಯು ನರ್ಮದೆಯ ತೀರದ ಮನೆಯೊಂದರಲ್ಲಿ ಒಲೆ ಹೊತ್ತದಂತೆ ಮಾಡಬಲ್ಲುದೆಂದರೆ, ರಾಜ್ಯಗಳ ಗಡಿಗಳು ಎಷ್ಟು ತೆಳುವಾದುವೆಂಬುದು ವ್ಯಕ್ತವಾಗುತ್ತದೆ.

ಇಲ್ಲಿ ನಾವು ಸ್ವಲ್ಪ ನಿಂತು ಆಲೋಚಿಸಬೇಕು. ಡ ಬರಿಯ ಸತ್ಯ ಯೂರೋಪಿನಲ್ಲಿ ಸತ್ಯ. ಅದು ಇಲ್ಲಿಯೂ ಸುಳ್ಳಲ್ಲ. ಆದರೆ ಅದನ್ನೇ ಕಣ್ಣು ಮುಚ್ಚಿ ಅನುಸರಿಸಿ, ಹಿಮಾಲಯದ ದಾರುಹರಿದ್ರೆಯನ್ನೆಲ್ಲ ಕೀಳಿಸಿದ್ದರೆ ಹಣವೂ ಔಷಧವೂ ಹೋಗಿ ರೋಗ ಮಾತ್ರ ಉಳಿಯುತ್ತಿತ್ತು. ಯೂರೋಪಿನ ರೈತನು ತನ್ನ ಬೇಲಿಯನ್ನು ನೋಡಿ ಕಲಿತ ಪಾಠವನ್ನು ನಾವು ಪುಸ್ತಕದಿಂದ ಕಲಿಯುವುದಕ್ಕಿಂತ, ಅವನು ನೋಡಿದ ರೀತಿಯಲ್ಲಿ ನಮ್ಮ ಬೆಟ್ಟಬಯಲುಗಳನ್ನು ನೋಡುವುದು ಮೇಲು. ಮೆಹತಾ ಅವರ ದೊಡ್ಡತನವಿರುವುದು ಇಲ್ಲಿ. ಕೇಂಬ್ರಿಜ್ಜಿನಲ್ಲಿ ಕಲಿತುಬಂದವರು ಅವರು. ಅಲ್ಲಿ ಕಲಿತ ವಿಧಾನವನ್ನು ಉಳಿಸಿಕೊಂಡು, ಉತ್ತರವನ್ನು ಮಾತ್ರ ಇಲ್ಲಿಯೇ ಹುಡುಕಿದರು.

ಮೆಹತಾ ಅವರು ಸೂಚಿಸಿದ ಪರಿಹಾರವು ಬೆಟ್ಟಗಳಲ್ಲಿ ಬೇಸಗೆಯ ಗೋಧಿಯನ್ನು ನಿಲ್ಲಿಸಿ, ತಾನಾಗಿ ಹುಟ್ಟಿದ ಗಿಡಗಳನ್ನು ನಾಶಮಾಡುವುದು. ತರ್ಕಕ್ಕೆ ಇದು ಸರಿಯಾದ ಮಾತು. ಆದರೆ ಬೆಟ್ಟದ ಬಡ ರೈತನು ಕೇಳಬಹುದು: ನನ್ನ ಎರಡನೆಯ ಬೆಳೆಯನ್ನು ನಾನೇಕೆ ಬಿಡಲಿ? ನರ್ಮದೆಯ ಗೋಧಿ ನನ್ನ ಮಕ್ಕಳಿಗೆ ಬರುತ್ತದೆಯೇ? ಮ್ಯಾಸಚೂಸೆಟ್ಸಿನ ಬೇಲಿಯ ಒಡೆಯನೂ ಇದೇ ಬಗೆಯ ಪ್ರಶ್ನೆಯನ್ನು ಕೇಳಿರಬೇಕು. ಒಬ್ಬನ ಕ್ಷೇಮಕ್ಕಾಗಿ ಇನ್ನೊಬ್ಬನು ಕಷ್ಟಪಡಬೇಕಾದಾಗ, ಕಷ್ಟಪಡುವವನಿಗೆ ಏನು ಕೊಡಬೇಕೆಂಬ ಪ್ರಶ್ನೆಯನ್ನು ಸೂಕ್ಷ್ಮದರ್ಶಕ ಯಂತ್ರವು ಬಿಡಿಸಲಾರದು. ಅದು ನ್ಯಾಯಶಾಸ್ತ್ರದ, ರಾಜನೀತಿಯ ಪ್ರಶ್ನೆ.

ಮತ್ತೊಂದು ಪರಿಹಾರವುಂಟು, ಅದರಲ್ಲಿ ನಮ್ಮ ನಾಡಿಗೂ ಒಂದು ಗೌರವದ ಪಾಲು ಸಂದಿದೆ. ಇಂಗ್ಲೆಂಡಿನ ಬಿಫೆನ್ ಎಂಬ ಶಾಸ್ತ್ರಜ್ಞನು ೧೯೦೫ರಲ್ಲಿ, ಹಳದಿ ತುಕ್ಕನ್ನು ತಡೆಯುವ ಶಕ್ತಿಯು ಗೋಧಿಯಲ್ಲಿ ತಂದೆತಾಯಿಗಳಿಂದ ಮಕ್ಕಳಿಗೆ ಮೆಂಡೆಲನ ನಿಯಮದಂತೆ ಇಳಿದುಬರುತ್ತದೆಂದು ತೋರಿಸಿದನು. ಅಂದಿನಿಂದ ರೋಗವನ್ನು ತಡೆಯುವ ತಳಿಗಳನ್ನು ಕೂಡಿಸಿ ಬೆಳೆಸುವ ಕಾರ್ಯ ಜಗತ್ತಿನಲ್ಲೆಲ್ಲ ಆರಂಭವಾಯಿತು. ಸ್ಟೇಕ್ಮನ್ ಮತ್ತು ಅವನ ಸಂಗಡಿಗರು ತುಕ್ಕಿನ ಪಂಗಡಗಳನ್ನು ಗುರುತಿಸಲು ಹನ್ನೆರಡು ಗೋಧಿಗಳನ್ನು ಒರೆಗಲ್ಲಾಗಿ ಆರಿಸಿಕೊಂಡರು. ಅವುಗಳಲ್ಲಿ ಒಂದರ ಹೆಸರು ಖಪ್ಲಿ. ಶ್ರೋತೃಗಳಿಗೆ ಈ ಹೆಸರು ಮರಾಠಿಯದೆಂದು ಹೊಳೆದಿರಬಹುದು. ಕನ್ನಡದಲ್ಲಿ ಇದೇ ಜವೆಗೋಧಿ. ಬೆಳಗಾವಿ, ಬಿಜಾಪುರ, ಧಾರವಾಡದ ಸೀಮೆಗಳಲ್ಲಿಯೂ ಮಹಾರಾಷ್ಟ್ರದಲ್ಲಿಯೂ ತಲೆತಲಾಂತರದಿಂದ ಬೆಳೆದುಬಂದ ಧಾನ್ಯವಿದು. ಕಾಳಿಗೆ ಸಿಪ್ಪೆ ಬಿಗಿಯಾಗಿ ಅಂಟಿರುವುದರಿಂದ ಕುಟ್ಟಿ ಬಿಡಿಸಬೇಕು. ಈ ತೊಂದರೆಗೆ ಬೇಸತ್ತು ಹಲವರು ಇದನ್ನು ಕೈಬಿಟ್ಟರು. ಆದರೂ ಹಬ್ಬದ ಹುಗ್ಗಿಗೆ ಇದೇ ಆಗಬೇಕೆಂಬ ಮನೆಗಳು ಇದನ್ನು ಉಳಿಸಿಕೊಂಡು ಬಂದವು. ಇತರ ಗೋಧಿಗಳು ಒಂದಾದಮೇಲೊಂದು ತುಕ್ಕಿಗೆ ಬಾಗಿದಾಗ, ಆ ಹನ್ನೆರಡರ ಸಾಲಿನಲ್ಲಿ ಬಹುತೇಕ ಪಂಗಡಗಳಿಗೆ ಎದೆಗೊಟ್ಟು ನಿಂತವುಗಳಲ್ಲಿ ಖಪ್ಲಿ ಒಂದು.

ಈ ಸಂಗತಿ ಹಳೆಯ ಕಥೆಯಾಗಿ ಮುಗಿಯಲಿಲ್ಲ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೋಗನಿರೋಧಕ ತಳಿಗಳು ಎಲ್ಲೆಡೆಯೂ ಹರಡಿ, ಕಪ್ಪು ತುಕ್ಕು ಅಳಿಯಿತೆಂಬ ಭಾವನೆ ಮೂಡಿತ್ತು. ಆದರೆ ೧೯೯೮ರಲ್ಲಿ ಆಫ್ರಿಕದ ಯುಗಾಂಡ ದೇಶದಲ್ಲಿ, ಅಜೇಯವೆಂದು ನಂಬಿದ್ದ ತಳಿಗಳನ್ನೇ ಹಿಡಿಯುವ ಒಂದು ಹೊಸ ಪಂಗಡವು ಕಾಣಿಸಿಕೊಂಡಿತು. ಅದಕ್ಕೆ ಯುಜಿ ೯೯ ಎಂದು ಹೆಸರಾಯಿತು. ಅಲ್ಲಿಂದ ಕೀನ್ಯಾ, ಇಥಿಯೋಪಿಯ, ಸೂಡಾನ್, ಯೆಮೆನ್‌ಗಳನ್ನು ದಾಟಿ ೨೦೦೭ರ ವೇಳೆಗೆ ಅದು ಇರಾನನ್ನು ಮುಟ್ಟಿತು. ಅದನ್ನು ತಡೆಯಬಲ್ಲ ಗುಣಗಳಿಗಾಗಿ ವಿದ್ವಾಂಸರು ಹಳೆಯ ಧಾನ್ಯಗಳ ಕಣಜಗಳನ್ನು ಶೋಧಿಸಿದರು. ಹಾಗೆ ಉಪಯೋಗಕ್ಕೆ ಬಂದ ಗುಣಗಳಲ್ಲೊಂದು ಖಪ್ಲಿಯಿಂದ ಪಡೆದುದು. ಆ ಗುಣವನ್ನು ಹೊತ್ತ ಜೀನನ್ನು ೨೦೧೭ರಲ್ಲಿ ಬೇರ್ಪಡಿಸಿ ಗುರುತಿಸಿದರು. ಕುಟ್ಟುವ ಶ್ರಮವನ್ನು ಲೆಕ್ಕಿಸದೆ ನಮ್ಮ ಅಜ್ಜಿಯರು ಉಳಿಸಿಕೊಂಡ ಕಾಳು ಆಫ್ರಿಕದ ರೋಗವೊಂದಕ್ಕೆ ಉತ್ತರ ಹೇಳುವ ಕಾಲ ಬಂದಿತು. ಅಂತೆಯೇ ನೀಲಗಿರಿಯ ವೆಲಿಂಗ್ಟನ್ನಿನಲ್ಲಿ ಈಗ ಗೋಧಿಯ ಸಂಶೋಧನ ಕೇಂದ್ರವೊಂದಿದೆ. ತುಕ್ಕು ವರ್ಷವಿಡೀ ಬದುಕಿರುವ ಬೆಟ್ಟವೇ ಹೊಸ ತಳಿಗಳನ್ನು ಪರೀಕ್ಷಿಸಲು ಯೋಗ್ಯವಾದ ಸ್ಥಳವಲ್ಲವೆ? ರೋಗದ ತವರು ಹೀಗೆ ವಿದ್ಯೆಯ ತವರೂ ಆಗಿದೆ.

ಬಾರ್ಬ‌ೆರಿಯ ಜಗಳವೂ ಇನ್ನೂ ತೀರಿಲ್ಲ. ಇಂಗ್ಲೆಂಡಿನಲ್ಲಿ ಆ ಗಿಡವನ್ನೇ ಆಶ್ರಯಿಸಿದ ಒಂದು ಅಪರೂಪದ ಪತಂಗವು ಅಳಿವಿನ ಅಂಚಿಗೆ ಬಂದುದರಿಂದ, ಅದನ್ನು ಉಳಿಸಲೆಂದು ಕೆಲವರು ಮತ್ತೆ ಬಾರ್ಬೆರಿಯನ್ನು ನೆಡುತ್ತ ಬಂದಿದ್ದಾರೆ. ೨೦೧೩ರಲ್ಲಿ ಸುಮಾರು ಅರುವತ್ತು ವರ್ಷಗಳ ತರುವಾಯ ಆ ದೇಶದ ಒಂದು ಗೋಧಿಯ ಗಿಡದಲ್ಲಿ ಕಪ್ಪು ತುಕ್ಕು ಕಾಣಿಸಿದುದು ರೈತರನ್ನು ಎಚ್ಚರಿಸಿತು. ಪತಂಗವನ್ನು ಉಳಿಸಬೇಕೆಂಬುದೂ ಧರ್ಮವೇ, ಪೈರನ್ನು ಉಳಿಸಬೇಕೆಂಬುದೂ ಧರ್ಮವೇ. ಹೊಲಗಳಿಂದ ಎಷ್ಟು ದೂರದಲ್ಲಿ ನೆಡಬಹುದೆಂಬುದನ್ನು ಅಳೆದು ನೋಡುವುದೇ ಈಗ ಅವರ ಮುಂದಿರುವ ಕೆಲಸ.

ಈ ದೀರ್ಘವಾದ ವೃತ್ತಾಂತದಿಂದ ಪಟ್ಟಣವಾಸಿಗಳಾದ ನಮಗೆ ತಿಳಿಯುವುದೇನು? ರೈತನ ಮಾತೆಲ್ಲವೂ ಸತ್ಯವೆಂದು ನಾವು ಹೇಳುವುದಿಲ್ಲ. ರೋಬಿಗಸನಿಗೆ ನಾಯಿಯನ್ನು ಬಲಿಕೊಟ್ಟವನೂ ರೈತನೇ, ಬೇಲಿಯನ್ನು ಗುರುತಿಸಿದವನೂ ರೈತನೇ. ಯಾವುದು ಭ್ರಮೆ, ಯಾವುದು ನಿಜ ಎಂಬುದನ್ನು ಪರೀಕ್ಷೆಯೇ ನಿರ್ಣಯಿಸಬೇಕು. ಆದರೆ ಪರೀಕ್ಷಿಸುವುದಕ್ಕೆ ಮೊದಲು ಕೇಳಬೇಕು. ಡೆನ್ಮಾರ್ಕಿನ ಉಪಾಧ್ಯಾಯನ ಮಾತನ್ನು ೧೮೧೬ರಲ್ಲಿಯೇ ಕೇಳಿದ್ದರೆ ಡ ಬರಿಯವರೆಗೆ ಕಾಯಬೇಕಾಗಿರಲಿಲ್ಲ. ಆ ನಡುವಿನ ಐವತ್ತು ವರ್ಷಗಳಲ್ಲಿ ಜೊಳ್ಳಾಗಿ ಹೋದ ತೆನೆಗಳ ಲೆಕ್ಕವನ್ನು ಯಾವ ಚರಿತ್ರಕಾರನೂ ಬರೆದಿಟ್ಟಿಲ್ಲ. ನಮ್ಮ ಹಳ್ಳಿಗಳಲ್ಲಿಯೂ ಕಳೆಯ ವಿಷಯವಾಗಿ, ಹುಳುವಿನ ವಿಷಯವಾಗಿ, ಜೋಳ ರಾಗಿ ಸಜ್ಜೆಗಳ ರೋಗಗಳ ವಿಷಯವಾಗಿ ಹಿರಿಯರು ಆಡುವ ಮಾತುಗಳು ಎಷ್ಟೋ ಇವೆ. ಅವುಗಳಲ್ಲಿ ಯಾವುದು ಬಾರ್ಬೆರಿಯ ಮಾತೋ ಯಾವುದು ನಾಯಿಬಲಿಯ ಮಾತೋ ಯಾರು ಬಲ್ಲರು? ಕಾಲೇಜುಗಳಲ್ಲಿ ಕಲಿಯುತ್ತಿರುವ ನಮ್ಮ ತರುಣರು ರಜೆಯಲ್ಲಿ ಊರಿಗೆ ಹೋದಾಗ ಅವನ್ನು ಬರೆದುಕೊಂಡು ಬರಲಿ. ಸಾಧ್ಯವಾದರೆ ಒಂದು ಕುಂಡದಲ್ಲಿ ಪೈರು ಬೆಳೆಸಿ ಪರೀಕ್ಷಿಸಿ ನೋಡಲಿ. ಮನೆಯ ಅಟ್ಟದ ಮೇಲೆ ಹಳೆಯ ಕಾಲದ ಕಾಳಿನ ಬೀಜವೇನಾದರೂ ಉಳಿದಿದ್ದರೆ, ಅದನ್ನು ಬೀಸಿ ತಿನ್ನುವ ಮೊದಲು ಒಂದು ಹಿಡಿಯನ್ನಾದರೂ ಬಿತ್ತನೆಗೆ ಎತ್ತಿಡಲಿ.